ಸಂಸ್ಕೃತ ನಾಟಕಗಳಲ್ಲಿ ಹಾಸ್ಯ

ಭರತನ ನಾಟ್ಯಶಾಸ್ತ್ರ ಎಣಿಸುವ ಎಂಟು ರಸಗಳಲ್ಲಿ ಶೃಂಗಾರದ ಮಗ್ಗುಲಲ್ಲೇ ಬರುವುದು ಹಾಸ್ಯ. ಹಾಸ ಅದರ ಸ್ಥಾಯಿಭಾವ, ಬಣ್ಣ ಬಿಳುಪು, ಅಧಿದೇವತೆ ಶಿವಗಣಗಳಾದ ಪ್ರಮಥರು. ರಂಗದ ಮೇಲೆ ಇದಕ್ಕೆ ಎರಡು ನೆಲೆಗಳಿವೆ. ನಾಟಕ, ಪ್ರಕರಣಗಳಂಥ ದೊಡ್ಡ ರೂಪಕಗಳಲ್ಲಿ ವಿದೂಷಕ, ವಿಟ, ಶಕಾರರ ಮಾತಿನಲ್ಲಿ ಅದು ಹಾದುಹೋಗುತ್ತದೆ. ಪ್ರಹಸನ, ಭಾಣಗಳಲ್ಲಿ ಮನೆಯ ಯಜಮಾನಿಕೆಯನ್ನೇ ವಹಿಸಿಕೊಳ್ಳುತ್ತದೆ. ಮಧ್ಯ ಏಷ್ಯಾದಲ್ಲಿ ಸಿಕ್ಕಿ, 1911ರಲ್ಲಿ ಹೈನ್ರಿಖ್ ಲ್ಯೂಡರ್ಸ್ ಪ್ರಕಟಿಸಿದ ಅಶ್ವಘೋಷನ ಶಾರಿಪುತ್ರಪ್ರಕರಣದ ತಾಳೆಗರಿ ತುಣುಕುಗಳಲ್ಲೇ ವಿದೂಷಕನಿದ್ದಾನೆ. ಬುದ್ಧನ ಇಬ್ಬರು ಶಿಷ್ಯರು ದೀಕ್ಷೆ ಪಡೆಯುವ ಕಥೆಗೂ ನಗಿಸುವವನೊಬ್ಬ ಬೇಕಾಗಿದ್ದ ಎಂದಾಯಿತು. ಏಕೆ ಬೇಕಾಗಿದ್ದ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಊಟದ ನಡುವೆ ಉಪ್ಪಿನಕಾಯಿ ನೆಕ್ಕಿದಂತೆ, ಪ್ರೇಕ್ಷಕರ ನಾಲಿಗೆಗೆ ಒಂದಿಷ್ಟು ಬದಲಾವಣೆಗೆ, ಎಂಬುದು. ಈ ಉತ್ತರವನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ನಾಟಕದಿಂದ ನಗೆಯ ಮಾತೊಂದನ್ನು ಕಿತ್ತು ಪಕ್ಕಕ್ಕಿಟ್ಟು, ಉಳಿದದ್ದು ನಿಲ್ಲುತ್ತದೆಯೇ ಎಂದು ನೋಡಬೇಕು. ಹಳೆಯ ನಾಟಕಕಾರರಲ್ಲಿ ದೊಡ್ಡವರೆನಿಸಿದವರ ಕೃತಿಗಳಲ್ಲಿ ಹೀಗೆ ಕಿತ್ತರೆ ಮಾಡೇ ಕುಸಿಯುತ್ತದೆ. ಅಲ್ಲಿ ಹಾಸ್ಯಕ್ಕೆ ಕಥೆಯ ಭಾರ ಹೊರುವ ಕೆಲಸವಿದೆ.

ಶಾಸ್ತ್ರವೇ ಈ ಕಡೆಗೆ ಕೈತೋರಿದೆ. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ, ಶೃಂಗಾರದ ಅನುಕರಣೆಯೇ ಹಾಸ್ಯ ಎಂದು ಭರತ ಹೇಳುತ್ತಾನೆ. ವಿಕಾರವಾದ ವೇಷ, ಎಲ್ಲಿಯದೋ ಒಡವೆ ಎಲ್ಲಿಯೋ ತೊಡುವುದು, ಎಗ್ಗಿಲ್ಲದ ನಡೆ, ಚಪಲ, ಅಸಂಬದ್ಧ ಪ್ರಲಾಪ ಇವು ಅವನು ಕೊಡುವ ಕಾರಣಗಳು. ಇವೆಲ್ಲದರ ಹಿಂದೆ ಇರುವುದು ಒಂದೇ ಸಂಗತಿ: ಇರಬೇಕಾದ ಕಡೆ ಇರದೆ ಬೇರೆ ಕಡೆ ಇರುವುದು. ಹತ್ತು-ಹನ್ನೊಂದನೆಯ ಶತಮಾನದ ಕಾಶ್ಮೀರದ ಅಭಿನವಗುಪ್ತ ಇದನ್ನು ಕೊನೆಯವರೆಗೆ ಎಳೆದ. ಶೃಂಗಾರವೊಂದೇ ಏಕೆ, ಯಾವ ರಸವಾದರೂ ಔಚಿತ್ಯ ತಪ್ಪಿದರೆ ಅದು ರಸಾಭಾಸ, ಅದರ ಕೊನೆ ಹಾಸ್ಯ ಎಂಬುದು ಅವನ ವಾದ. ಸೀತೆಯ ಮೇಲಿನ ರಾವಣನ ಮೋಹ ಅವನಿಗೆ ಅಚ್ಚುಮೆಚ್ಚಿನ ಉದಾಹರಣೆ. ರಾವಣ ತನ್ನ ಪಾಲಿಗೆ ನಿಜವಾಗಿಯೇ ಬೇಯುತ್ತಿದ್ದಾನೆ; ನೋಡುವವರಿಗೆ ಮಾತ್ರ ಅದು ಪ್ರೇಮದ ವೇಷ ಹಾಕಿಕೊಂಡ ಬೇರೇನೋ. ಹೀಗೆ ನೋಡಿದರೆ ಹಾಸ್ಯ ಎಂಟರಲ್ಲಿ ಒಂದಾಗಿ ಉಳಿಯುವುದಿಲ್ಲ. ಉಳಿದ ಏಳೂ ದಾರಿ ತಪ್ಪಿದಾಗ ಬಂದು ಸೇರುವ ತಾಣವಾಗುತ್ತದೆ. ಗಂಭೀರವೂ ಹಾಸ್ಯವೂ ಒಂದೇ ಸಾಮಗ್ರಿಯಿಂದ ಆದವು ಎಂದ ಮೇಲೆ, ಒಂದನ್ನು ಅಲುಗಿಸದೆ ಇನ್ನೊಂದನ್ನು ತೆಗೆಯುವುದು ಕಷ್ಟ.

ಭಾಸನದೆಂದು ಹೇಳುವ, 1912ರಲ್ಲಿ ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು ಅಚ್ಚುಹಾಕಿಸಿದ ಸ್ವಪ್ನವಾಸವದತ್ತದ ಐದನೆಯ ಅಂಕ ಇದಕ್ಕೆ ನೇರವಾದ ಸಾಕ್ಷಿ. ರಾಣಿ ವಾಸವದತ್ತೆ ಬೆಂಕಿಯಲ್ಲಿ ಸತ್ತಳೆಂದು ತಪ್ಪಾಗಿ ನಂಬಿರುವ ರಾಜ ಉದಯನ, ತಲೆನೋವೆಂದು ಕೇಳಿ ಹೊಸ ರಾಣಿ ಪದ್ಮಾವತಿಯನ್ನು ನೋಡಲು ಸಮುದ್ರಗೃಹಕ್ಕೆ ಬರುತ್ತಾನೆ. ಅವಳಿನ್ನೂ ಬಂದಿಲ್ಲ. ಹಾಸಿಗೆಯ ಮೇಲೆ ಒರಗಿ, ಕಥೆ ಹೇಳು ಎನ್ನುತ್ತಾನೆ. ವಿದೂಷಕ ವಸಂತಕ ಮೊದಲು ಉಜ್ಜಯಿನಿಯ ಕಥೆ ಎತ್ತುತ್ತಾನೆ. ವಾಸವದತ್ತೆಯ ತವರಿನ ಹೆಸರು ಕೇಳಿದ್ದೇ ರಾಜನ ಗಾಯ ಕೆದಕಿದಂತಾಗುತ್ತದೆ. ಸರಿ, ಬೇರೆ ಕಥೆ. ಬ್ರಹ್ಮದತ್ತ ಎಂಬ ಊರು, ಅಲ್ಲಿ ಕಾಂಪಿಲ್ಯ ಎಂಬ ರಾಜ. ಮೂರ್ಖ, ರಾಜ ಬ್ರಹ್ಮದತ್ತ, ಊರು ಕಾಂಪಿಲ್ಯ ಎಂದು ಉದಯನ ತಿದ್ದುತ್ತಾನೆ. ವಸಂತಕ ತಪ್ಪೊಪ್ಪಿಕೊಂಡು, ಮಗ್ಗಿ ಬಾಯಿಪಾಠ ಮಾಡುವ ಹುಡುಗನಂತೆ ಅದನ್ನೇ ಮತ್ತೆ ಮತ್ತೆ ಗುನುಗುತ್ತಾನೆ. ಆ ಗುನುಗಿಗೆ ರಾಜನಿಗೆ ನಿದ್ದೆ ಹತ್ತುತ್ತದೆ. ಚಳಿಯೆಂದು ವಸಂತಕ ಹೊದಿಕೆ ತರಲು ಹೋಗುತ್ತಾನೆ. ಮುಸುಕಿನಲ್ಲಿರುವುದು ಪದ್ಮಾವತಿ ಎಂದುಕೊಂಡು ಬಂದ ವಾಸವದತ್ತೆ ಪಕ್ಕದಲ್ಲಿ ಮಲಗುತ್ತಾಳೆ; ರಾಜ ಕನಸಿನಲ್ಲಿ ಅವಳ ಹೆಸರು ಹಿಡಿದು ಕರೆಯುತ್ತಾನೆ. ನಾಟಕಕ್ಕೆ ಹೆಸರು ಕೊಟ್ಟ ದೃಶ್ಯ ಇದು. ಊರ ಹೆಸರನ್ನೂ ಅರಸನ ಹೆಸರನ್ನೂ ಅದಲುಬದಲು ಮಾಡುವ ಚಿಲ್ಲರೆ ನಗೆಯನ್ನು ತೆಗೆದರೆ ಜೋಗುಳವೇ ಇಲ್ಲ, ಜೋಗುಳವಿಲ್ಲದೆ ಕನಸಿಲ್ಲ. ಕಥೆಯಲ್ಲಿ ಹೆಸರುಗಳು ಜಾಗ ಬದಲಿಸಿದ ಬೆನ್ನಿಗೇ ಹಾಸಿಗೆಯಲ್ಲಿ ಮನುಷ್ಯರು ಜಾಗ ಬದಲಿಸುವುದನ್ನೂ ಗಮನಿಸಬೇಕು.

ಕಾಳಿದಾಸ ಇದೇ ಉಪಾಯವನ್ನು ಇನ್ನೂ ನಾಜೂಕಾಗಿ ಬಳಸುತ್ತಾನೆ. ಶಾಕುಂತಲದಲ್ಲಿ ದುಷ್ಯಂತನ ಮರೆವಿಗೆ ದೂರ್ವಾಸರ ಶಾಪ ಕಾರಣ ಎಂಬುದು ಎಲ್ಲರಿಗೂ ಗೊತ್ತು. ಆದರೆ ಶಾಪ ತಟ್ಟಿದ್ದು ರಾಜನಿಗೊಬ್ಬನಿಗೆ. ಆಶ್ರಮದ ಹುಡುಗಿಯ ವಿಷಯ ತಿಳಿದ, ನೆನಪು ನೆಟ್ಟಗಿರುವ ಇನ್ನೊಬ್ಬ ಹಸ್ತಿನಾವತಿಯಲ್ಲೇ ಇದ್ದಾನೆ, ಅವನೇ ವಿದೂಷಕ ಮಾಧವ್ಯ. ಅವನು ಬಾಯಿಬಿಟ್ಟರೆ ರಾಜ ಶಕುಂತಲೆಯನ್ನು ನಿರಾಕರಿಸುವ ಐದನೆಯ ಅಂಕ ನಡೆಯುವಂತಿಲ್ಲ. ಕಾಳಿದಾಸ ಈ ತೂತನ್ನು ಎರಡನೆಯ ಅಂಕದಲ್ಲೇ ಮುಚ್ಚಿಬಿಟ್ಟಿರುತ್ತಾನೆ. ತನ್ನ ಬದಲು ಮಾಧವ್ಯನನ್ನು ರಾಜಧಾನಿಗೆ ಕಳಿಸುವಾಗ, ಈ ಬಾಯಿಬಡುಕ ಅಂತಃಪುರದಲ್ಲಿ ಎಲ್ಲವನ್ನೂ ಒದರಿಯಾನು ಎಂಬ ಅಳುಕಿನಿಂದ ದುಷ್ಯಂತ, ಶಕುಂತಲೆಯ ಬಗ್ಗೆ ಹೇಳಿದ್ದೆಲ್ಲ ಬರೀ ತಮಾಷೆಗೆ, ನಿಜವೆಂದುಕೊಳ್ಳಬೇಡ ಎನ್ನುತ್ತಾನೆ. ಆರನೆಯ ಅಂಕದಲ್ಲಿ ಉಂಗುರ ಸಿಕ್ಕಿ ನೆನಪು ಮರಳಿದಾಗ, ನೀನಾದರೂ ಏಕೆ ನೆನಪಿಸಲಿಲ್ಲ ಎಂಬ ಪ್ರಶ್ನೆಗೆ ಮಾಧವ್ಯ ಕೊಡುವ ಉತ್ತರ ಸರಳ: ನೀನೇ ಹೇಳಿದೆಯಲ್ಲ ತಮಾಷೆಯೆಂದು, ಮಣ್ಣುಹೆಂಟೆಯಂಥ ಬುದ್ಧಿಯ ನಾನು ಹಾಗೇ ನಂಬಿದೆ. ವೃತ್ತಿಯಿಂದಲೇ ತಮಾಷೆ ಮಾಡುವವನೊಬ್ಬ ಇಡೀ ನಾಟಕದಲ್ಲಿ ಒಮ್ಮೆ ಇನ್ನೊಬ್ಬರ ತಮಾಷೆಯನ್ನು ನಂಬುತ್ತಾನೆ, ಅದು ತಮಾಷೆಯೇ ಆಗಿರಲಿಲ್ಲ. ಶಾಪ ರಾಜನನ್ನು ನಿರ್ದೋಷಿಯಾಗಿಸುತ್ತದೆ ಎಂದು ಸಮಾಧಾನಪಡುವ ಓದುಗ ಇಲ್ಲಿ ನಿಂತು ಯೋಚಿಸಬೇಕಾಗುತ್ತದೆ, ಏಕೆಂದರೆ ಈ ಸುಳ್ಳು ಶಾಪಕ್ಕೂ ಮುಂಚಿನದು.

ಶೂದ್ರಕನ ಹೆಸರಿನಲ್ಲಿರುವ ಹತ್ತು ಅಂಕಗಳ ಮೃಚ್ಛಕಟಿಕ ಹಾಸ್ಯದ ಮೇಲೆ ಇನ್ನಾವ ಸಂಸ್ಕೃತ ನಾಟಕವೂ ಹೊರಿಸದಷ್ಟು ಭಾರ ಹೊರಿಸಿದೆ. ಮೂರನೆಯ ಅಂಕದಲ್ಲಿ ಶರ್ವಿಲಕ ಎಂಬ ಬ್ರಾಹ್ಮಣ ನಾಯಕ ಚಾರುದತ್ತನ ಮನೆಗೆ ಕನ್ನ ಕೊರೆಯುತ್ತಾನೆ. ಅವನಿಗೆ ಇದೊಂದು ಶಾಸ್ತ್ರ. ಸುಟ್ಟ ಇಟ್ಟಿಗೆಯಾದರೆ ಕೀಳಬೇಕು, ಹಸಿ ಇಟ್ಟಿಗೆಯಾದರೆ ಕಡಿಯಬೇಕು, ಮಣ್ಣಿನ ಗೋಡೆಯಾದರೆ ನೀರೆರಚಬೇಕು. ಕನ್ನದ ಆಕಾರ ಅರಳಿದ ತಾವರೆಯದೋ ಪೂರ್ಣಕುಂಭದ್ದೋ ಎಂದು ಚರ್ಚೆ. ಅಳತೆಯ ದಾರ ತರಲು ಮರೆತಿದ್ದಾನೆ. ತೊಂದರೆಯಿಲ್ಲ, ಜನಿವಾರವಿದೆ. ಬ್ರಾಹ್ಮಣನಿಗೆ, ಅದರಲ್ಲೂ ತನ್ನಂಥ ಬ್ರಾಹ್ಮಣನಿಗೆ, ಜನಿವಾರ ಎಷ್ಟು ಉಪಕಾರಿ ಎಂದು ಅವನು ಪಟ್ಟಿ ಕೊಡುತ್ತಾನೆ: ಗೋಡೆ ಅಳೆಯಬಹುದು, ಮೈಮೇಲಿನ ಒಡವೆಯ ಕೊಂಡಿ ಬಿಡಿಸಬಹುದು, ಬಾಗಿಲ ಅಗುಳಿ ತೆಗೆಯಬಹುದು, ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬಹುದು. ಹೇಳುತ್ತಿರುವಾಗಲೇ ಹಾವು ಕಚ್ಚುತ್ತದೆ, ಬೆರಳಿಗೆ ಜನಿವಾರ ಕಟ್ಟಿಕೊಳ್ಳುತ್ತಾನೆ. ಒಳಗೆ ವಿದೂಷಕ ಮೈತ್ರೇಯ ನಿದ್ದೆಗಣ್ಣಿನಲ್ಲಿ, ಚಾರುದತ್ತನೇ ಇರಬೇಕೆಂದುಕೊಂಡು, ಗಣಿಕೆ ವಸಂತಸೇನೆ ಇಡಲು ಕೊಟ್ಟ ಒಡವೆಯ ಗಂಟನ್ನು ತಾನಾಗಿ ಕಳ್ಳನ ಕೈಗೆ ಕೊಡುತ್ತಾನೆ. ಬೆಳಗಾದಾಗ ಚಾರುದತ್ತ ಮೊದಲು ಕನ್ನದ ಕುಸುರಿಯನ್ನು ಮೆಚ್ಚುತ್ತಾನೆ. ಪಾಪ, ಏನೂ ಸಿಗದೆ ಬರಿಗೈಯಲ್ಲಿ ಹೋದನೇ ಎಂದು ಮರುಗುತ್ತಾನೆ. ಒಡವೆ ಹೋಯಿತೆಂದು ತಿಳಿದಾಗ ಅವನಿಗೆ ಸಮಾಧಾನವಾಗುತ್ತದೆ. ಅದು ಒತ್ತೆಯಿಟ್ಟದ್ದು ಎಂದು ನೆನಪಾಗುವವರೆಗೆ ಮಾತ್ರ. ಚಾರುದತ್ತನ ಔದಾರ್ಯದ ಬಗ್ಗೆ ನೂರು ಪದ್ಯ ಬರೆದರೂ ಸಿಗದ ನಂಬಿಕೆ ಈ ನಗೆಯಿಂದ ಸಿಗುತ್ತದೆ. ಔದಾರ್ಯ ಹದ್ದು ಮೀರಿದರೆ ನಗೆಪಾಟಲಾಗುತ್ತದೆ ಎಂದು ಗೊತ್ತಿದ್ದೂ ಕವಿ ಅದನ್ನು ಆ ಅಂಚಿಗೆ ತಂದು ನಿಲ್ಲಿಸಿದ್ದಾನೆ.

ರಾಜನ ಭಾವಮೈದುನ ಶಕಾರನ ಹಾಸ್ಯ ಇನ್ನೊಂದು ಬಗೆಯದು. ಸಕಾರವನ್ನೆಲ್ಲ ಶಕಾರವಾಗಿ ಉಚ್ಚರಿಸುವ ಈತನಿಗೆ ಪುರಾಣವೆಲ್ಲ ಅರ್ಧಂಬರ್ಧ ಗೊತ್ತು: ದ್ರೌಪದಿ ರಾಮನಿಗೆ ಹೆದರಿ ಓಡುತ್ತಾಳೆ, ಕುಂತಿ ರಾವಣನ ವಶವಾಗುತ್ತಾಳೆ, ಹನುಮಂತ ಸುಭದ್ರೆಯನ್ನು ಅಪಹರಿಸುತ್ತಾನೆ. ಕತ್ತಲಲ್ಲಿ ವಸಂತಸೇನೆಯ ಹೂಮಾಲೆಯ ಕಂಪು ಅವನಿಗೆ ಕೇಳಿಸುತ್ತದೆ. ಮೂಗಿನ ತುಂಬ ಕತ್ತಲೆ ತುಂಬಿಕೊಂಡಿರುವುದರಿಂದ ಒಡವೆಯ ಸದ್ದು ಸರಿಯಾಗಿ ಕಾಣಿಸುವುದಿಲ್ಲ. ಮೊದಲ ಅಂಕದಲ್ಲಿ ಇದಕ್ಕೆ ನಗದವರಿಲ್ಲ. ಎಂಟನೆಯ ಅಂಕದಲ್ಲಿ ಇದೇ ಮನುಷ್ಯ ಅವಳ ಕುತ್ತಿಗೆ ಹಿಸುಕುತ್ತಾನೆ. ಒಂಬತ್ತನೆಯದರಲ್ಲಿ ಕೊಲೆಯ ಆರೋಪವನ್ನು ಚಾರುದತ್ತನ ಮೇಲೆ ಹೊರಿಸಿ, ದೂರು ತೆಗೆದುಕೊಳ್ಳದಿದ್ದರೆ ಭಾವನಿಗೆ ಹೇಳಿ ನಿನ್ನನ್ನು ಕಿತ್ತುಹಾಕಿಸುತ್ತೇನೆ ಎಂದು ನ್ಯಾಯಾಧಿಕಾರಿಯನ್ನು ಬೆದರಿಸುತ್ತಾನೆ. ಹೆಸರು, ಇಂದ್ರಿಯ, ಸಂಬಂಧ ಯಾವುದನ್ನೂ ಅದರ ಜಾಗದಲ್ಲಿಡಲು ಬಾರದವನ ಕೈಗೆ ಅಧಿಕಾರ ಬಂದರೆ ಏನಾಗುತ್ತದೆ ಎಂಬುದನ್ನು ಪ್ರೇಕ್ಷಕ ಮೊದಲು ನಕ್ಕು, ಆಮೇಲೆ ನಗಲಾರದೆ ಕಲಿಯುತ್ತಾನೆ. ನ್ಯಾಯಸಭೆಯಲ್ಲಿ ಮೈತ್ರೇಯ ಅವನ ಮೇಲೆ ಏರಿಹೋಗುವ ಹೊಡೆದಾಟ ಅಪ್ಪಟ ನಗೆಯ ದೃಶ್ಯ. ಆ ಜಗ್ಗಾಟದಲ್ಲಿ ಮೈತ್ರೇಯನ ಕಂಕುಳಲ್ಲಿದ್ದ ವಸಂತಸೇನೆಯ ಒಡವೆ ಕೆಳಗೆ ಬೀಳುತ್ತದೆ, ಅದೇ ಚಾರುದತ್ತನ ವಿರುದ್ಧ ಕೊನೆಯ ಸಾಕ್ಷ್ಯವಾಗುತ್ತದೆ. ಶೂಲಕ್ಕೆ ಹೋಗುವ ದಾರಿ ವಿದೂಷಕನ ಕಂಕುಳಿನಿಂದ ಶುರುವಾಗುತ್ತದೆ.

ಹಾಸ್ಯ ಕಥೆಯ ಭಾರ ಹೊರುತ್ತದೆ ಎಂಬ ಈ ವಾದಕ್ಕೆ ಎದುರಾಗಿ ಹೇಳುವ ಮಾತುಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು, ವಿದೂಷಕನೆಂದರೆ ಅಚ್ಚಿನಲ್ಲಿ ಒತ್ತಿದ ಗೊಂಬೆ: ಬೋಳುತಲೆ, ಗೂನು, ಉಬ್ಬುಹಲ್ಲು, ಕೈಯಲ್ಲಿ ಡೊಂಕು ಕೋಲು, ಬಾಯಲ್ಲಿ ಸದಾ ಕಡುಬುಕಜ್ಜಾಯದ ಮಾತು ಎಂಬುದು. ಹರ್ಷನ ರತ್ನಾವಳಿಯ ವಸಂತಕನಂಥವರ ಮಟ್ಟಿಗೆ ಇದನ್ನು ಒಪ್ಪಬಹುದು. ಆದರೆ ಊಟದ ಹಾಸ್ಯಕ್ಕೂ ಕೆಲಸವಿದೆ. ವಿಕ್ರಮೋರ್ವಶೀಯದ ಮೂರನೆಯ ಅಂಕದಲ್ಲಿ ವಿರಹಿ ಪುರೂರವ ಮೂಡುವ ಚಂದ್ರನಿಗಾಗಿ ಕಾಯುತ್ತಿದ್ದರೆ ವಿದೂಷಕ ಮಾಣವಕನಿಗೆ ಅದು ಸಕ್ಕರೆ ಉಂಡೆಯಾಗಿ ಕಾಣುತ್ತದೆ. ಹೊಟ್ಟೆಬಾಕನಿಗೆ ಎಲ್ಲೆಲ್ಲೂ ತಿನಿಸೇ ಎಂದು ರಾಜ ನಗುತ್ತಾನೆ. ಎಲ್ಲೆಲ್ಲೂ ಊರ್ವಶಿಯನ್ನೇ ಕಾಣುವವನು ಈ ಮಾತು ಹೇಳುತ್ತಿದ್ದಾನೆ. ಮುಂದೆ ನಾಲ್ಕನೆಯ ಅಂಕದಲ್ಲಿ ಅವನು ಹುಚ್ಚನಾಗಿ ನವಿಲು, ಕೋಗಿಲೆ, ಆನೆಗಳನ್ನು ಅವಳ ಸುದ್ದಿ ಕೇಳುತ್ತ, ನದಿಯನ್ನೇ ಅವಳೆಂದು ಭ್ರಮಿಸುತ್ತ ಅಲೆಯುವಾಗ ವಿದೂಷಕ ಜೊತೆಗಿಲ್ಲ. ಚಂದ್ರನನ್ನು ಉಂಡೆ ಎನ್ನುವವರಿಲ್ಲದ ಕಾಡಿನಲ್ಲಿ ಅವನ ಉಪಮೆಗಳಿಗೆ ಕಡಿವಾಣವೇ ಇಲ್ಲ. ರಸವೆಂಬ ಪದದ ಮೊದಲ ಅರ್ಥ ನಾಲಿಗೆಗೆ ಸೇರಿದ್ದು ಎಂಬುದನ್ನೂ, ರಸನಿಷ್ಪತ್ತಿಯನ್ನು ಭರತ ವಿವರಿಸುವುದು ವ್ಯಂಜನಗಳಿಂದ ಕೂಡಿದ ಅನ್ನದ ಹೋಲಿಕೆಯಿಂದಲೇ ಎಂಬುದನ್ನೂ ಇಲ್ಲಿ ನೆನೆಯಬಹುದು. ವಿದೂಷಕ ಆ ಹೋಲಿಕೆಯನ್ನು ಅಕ್ಷರಶಃ ತೆಗೆದುಕೊಂಡವನು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಈ ನಗೆ ಮೇಲಿನವರು ಕೆಳಗಿನವರ ಮೇಲೆ ಎಸೆಯುವ ನಗೆ ಎನ್ನುತ್ತದೆ ಅದು. ಭರತ ನಗುವಿನಲ್ಲೂ ಮೆಟ್ಟಿಲು ಮಾಡಿದ್ದಾನೆ: ಹಲ್ಲು ಕಾಣದ ಸ್ಮಿತವೂ ಹಸಿತವೂ ಉತ್ತಮರಿಗೆ, ವಿಹಸಿತ ಉಪಹಸಿತ ಮಧ್ಯಮರಿಗೆ, ಕಣ್ಣೀರು ಬರುವಂತೆ ಪಕ್ಕೆ ಹಿಡಿದುಕೊಂಡು ನಗುವ ಅಪಹಸಿತ ಅತಿಹಸಿತ ಅಧಮರಿಗೆ. ಹಾಸ್ಯ ಹೆಂಗಸರಲ್ಲೂ ನೀಚ ಪ್ರಕೃತಿಯವರಲ್ಲೂ ಹೆಚ್ಚು ಎಂಬ ಮಾತೂ ಅಲ್ಲಿದೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಶಾಸ್ತ್ರ ಹಾಕಿದ ಗೆರೆಯನ್ನು ರಂಗ ಪಾಲಿಸಿತೇ ಎಂಬುದು ಬೇರೆ ಪ್ರಶ್ನೆ. ಸಂಸ್ಕೃತ ಓದುವ ಹೆಂಗಸನ್ನು ಕಂಡರೆ ತನಗೆ ನಗು ಬರುತ್ತದೆ, ಹೊಸದಾಗಿ ಮೂಗುದಾರ ಹಾಕಿದ ಕಡಸಿನಂತೆ ಸುಸು ಎನ್ನುತ್ತಾಳೆ ಎಂದು ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಮೈತ್ರೇಯ ಹಂಗಿಸುತ್ತಾನೆ. ಮುಂದಿನ ಅಂಕದಲ್ಲೇ ವಸಂತಸೇನೆ ಅವನನ್ನು ಬರಮಾಡಿಕೊಂಡು ಚಾರುದತ್ತನ ಕುಶಲ ಕೇಳುವುದು ಸಂಸ್ಕೃತದಲ್ಲಿ. ಹುಟ್ಟಿನಿಂದ ಬ್ರಾಹ್ಮಣನಾದ ಮೈತ್ರೇಯ ಉತ್ತರಿಸುವುದು, ವಿದೂಷಕರೆಲ್ಲರಂತೆ, ಪ್ರಾಕೃತದಲ್ಲಿ. ಯಾರ ಮೂಗಿಗೆ ದಾರ ಬಿತ್ತು ಎಂಬುದನ್ನು ಕವಿ ಬಾಯಿಬಿಟ್ಟು ಹೇಳುವುದಿಲ್ಲ.

ವಿದೂಷಕನೇ ಇಲ್ಲದ ನಾಟಕಗಳ ಮಾತೇನು? ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಅವನಿಲ್ಲ, ಭವಭೂತಿಯ ಮೂರು ನಾಟಕಗಳಲ್ಲೂ ಇಲ್ಲ. ಭವಭೂತಿಗೆ ನಗೆ ಒಲಿಯಲಿಲ್ಲ ಎಂಬುದು ರೂಢಿಯ ತೀರ್ಪು. ಉತ್ತರರಾಮಚರಿತವನ್ನು ಗಮನವಿಟ್ಟು ನೋಡಿದರೆ ಇದು ಅವಸರದ ತೀರ್ಪು ಎನಿಸುತ್ತದೆ. ಮೊದಲ ಅಂಕದ ಚಿತ್ರಶಾಲೆಯಲ್ಲಿ ಲಕ್ಷ್ಮಣ ಸೀತೆ, ಮಾಂಡವಿ, ಶ್ರುತಕೀರ್ತಿಯರ ಚಿತ್ರ ತೋರಿಸಿ ತನ್ನ ಹೆಂಡತಿಯದನ್ನು ದಾಟಿಸಿಬಿಡುತ್ತಾನೆ. ಸೀತೆ ಬಿಡುವುದಿಲ್ಲ, ಊರ್ಮಿಳೆಯ ಚಿತ್ರದ ಮೇಲೆ ಬೆರಳಿಟ್ಟು ಇವಳು ಯಾರಪ್ಪ ಎಂದು ಕೇಳುತ್ತಾಳೆ. ಅತ್ತಿಗೆ ಮೈದುನನನ್ನು ಕೆಣಕುವ, ಯಾವ ಮನೆಯಲ್ಲೂ ನಡೆಯಬಹುದಾದ ಈ ಹಗುರ ಕ್ಷಣದ ನಂತರ ಅದೇ ಮೈದುನ ಅವಳನ್ನು ರಥದಲ್ಲಿ ಕೂರಿಸಿಕೊಂಡು ಕಾಡಿಗೆ ಬಿಟ್ಟುಬರಬೇಕು. ನಾಲ್ಕನೆಯ ಅಂಕದಲ್ಲಿ ಆಶ್ರಮದ ಹುಡುಗರು ಅಶ್ವಮೇಧದ ಕುದುರೆಯನ್ನು ಮೊದಲ ಸಲ ಕಂಡು ವರ್ಣಿಸುತ್ತಾರೆ: ಹಿಂದೆ ದೊಡ್ಡ ಬಾಲ, ಅದನ್ನು ಸದಾ ಆಡಿಸುತ್ತದೆ, ಉದ್ದ ಕತ್ತು, ನಾಲ್ಕೇ ಗೊರಸು, ಹುಲ್ಲು ತಿನ್ನುತ್ತದೆ, ಮಾವಿನಕಾಯಿ ಗಾತ್ರದ ಲದ್ದಿ ಹಾಕುತ್ತದೆ. ಸಾಮ್ರಾಜ್ಯದ ಪತಾಕೆಯಾಗಿ ಹೊರಟ ಪ್ರಾಣಿ ಮಕ್ಕಳ ಕಣ್ಣಿಗೆ ಲದ್ದಿ ಹಾಕುವ ಪ್ರಾಣಿ. ಇದರ ಬೆನ್ನಲ್ಲೇ ಲವ ಅದನ್ನು ಹಿಡಿದು ಕಟ್ಟಿಸುತ್ತಾನೆ. ವಿದೂಷಕನನ್ನು ಬಿಟ್ಟ ಭವಭೂತಿ ಅವನ ಕೆಲಸವನ್ನು ಮನೆಯವರಿಗೂ ಮಕ್ಕಳಿಗೂ ಹಂಚಿದ್ದಾನೆ.

ಪ್ರಹಸನಗಳಿಗೆ ಬಂದರೆ, ಕಾಂಚಿಯ ಪಲ್ಲವ ದೊರೆ ಒಂದನೆಯ ಮಹೇಂದ್ರವರ್ಮ ಏಳನೆಯ ಶತಮಾನದ ಆರಂಭದಲ್ಲಿ ಬರೆದ ಮತ್ತವಿಲಾಸ ಎಲ್ಲಕ್ಕಿಂತ ಹೆಸರುವಾಸಿ. ಅವನ ಮಾಮಂಡೂರು ಶಾಸನ ಇದನ್ನೂ ಭಗವದಜ್ಜುಕವನ್ನೂ ಹೆಸರಿಸುತ್ತದೆ. ಕುಡಿದ ಕಾಪಾಲಿಕ ಸತ್ಯಸೋಮ ತನ್ನ ಭಿಕ್ಷಾಪಾತ್ರೆಯಾದ ಕಪಾಲವನ್ನು ಕಳೆದುಕೊಳ್ಳುತ್ತಾನೆ. ಅದರಲ್ಲಿ ಸುಟ್ಟ ಮಾಂಸವಿತ್ತು, ಆದ್ದರಿಂದ ಒಯ್ದದ್ದು ನಾಯಿ ಇಲ್ಲವೇ ಬೌದ್ಧ ಭಿಕ್ಷು ಎಂಬುದು ಅವನ ತರ್ಕ. ಸಿಕ್ಕಿಬಿದ್ದ ಭಿಕ್ಷು ನಾಗಸೇನನಿಗೆ ಅವನದೇ ಚಿಂತೆ: ಇಷ್ಟು ಕರುಣಾಳುವಾದ ಬುದ್ಧ ಹೆಂಡವನ್ನೂ ಹೆಣ್ಣನ್ನೂ ಅನುಮತಿಸದೆ ಬಿಟ್ಟದ್ದು ಹೇಗೆ, ಮುದಿ ಸ್ಥವಿರರು ಹೊಟ್ಟೆಕಿಚ್ಚಿನಿಂದ ಮೂಲಪಾಠವನ್ನು ಬಚ್ಚಿಟ್ಟಿರಬೇಕು. ಹೆಂಡದಂಗಡಿ ಕಾಪಾಲಿಕನಿಗೆ ಯಜ್ಞಶಾಲೆಯಾಗಿ ಕಾಣುತ್ತದೆ. ಅಂಗಡಿಯ ಕಂಬ ಯೂಪ, ಹೆಂಡ ಸೋಮ, ಕುಡುಕರು ಋತ್ವಿಜರು. ರಾಜನೇ ಬರೆದದ್ದರಿಂದ ಇದು ಬೈರಾಗಿಗಳ ಮೇಲೆ ಸಿಂಹಾಸನ ನಗುವ ನಗೆ ಎನ್ನಬಹುದು. ಅದೂ ಪೂರ್ತಿ ನಿಜವಲ್ಲ. ನ್ಯಾಯಾಲಯಕ್ಕೆ ಹೋಗೋಣ ಎಂಬ ಮಾತು ಬಂದಾಗ, ವಿಹಾರಗಳ ಆದಾಯ ತಿಂದು ಕೊಬ್ಬಿದ ಇವನು ಅಧಿಕಾರಿಗಳ ಬಾಯಿ ತುಂಬಬಲ್ಲ, ನಮ್ಮ ಬಳಿ ಏನಿದೆ ಎನ್ನುತ್ತಾಳೆ ಕಾಪಾಲಿಕನ ಸಂಗಾತಿ ದೇವಸೋಮೆ. ಆ ನ್ಯಾಯಾಲಯ ನಾಟಕ ಬರೆದವನದೇ. ಕಪಾಲ ಕೊನೆಗೆ ಸಿಗುವುದು ಹುಚ್ಚನೊಬ್ಬನ ಕೈಯಲ್ಲಿ, ಅವನಿಗೆ ಸಿಕ್ಕಿದ್ದು ನಾಯಿಯಿಂದ. ಭಗವದಜ್ಜುಕದಲ್ಲಿ ಯಮದೂತ ಹೆಸರು ತಪ್ಪಿ ವಸಂತಸೇನೆ ಎಂಬ ಬೇರೊಬ್ಬ ಗಣಿಕೆಯ ಪ್ರಾಣ ಒಯ್ಯುತ್ತಾನೆ. ಶಿಷ್ಯನಿಗೆ ಯೋಗದ ಮಹಿಮೆ ತೋರಿಸಲು ಗುರು ಗಣಿಕೆಯ ಹೆಣದೊಳಗೆ ಹೊಕ್ಕಿರುತ್ತಾನೆ. ತಪ್ಪು ತಿದ್ದಲು ಬಂದ ಯಮದೂತ ಬೇರೆ ದಾರಿಯಿಲ್ಲದೆ ಗಣಿಕೆಯ ಪ್ರಾಣವನ್ನು ಗುರುವಿನ ಮೈಗೆ ತುಂಬುತ್ತಾನೆ. ಆತ್ಮ ಬೇರೆ ದೇಹ ಬೇರೆ ಎಂದು ನಾಟಕದುದ್ದಕ್ಕೂ ಬೋಧಿಸಿದ ಸನ್ಯಾಸಿ, ಹೆಣ್ಣಿನ ಮೈಯಲ್ಲಿ ಕೂತು ಮತ್ತೆ ಅದನ್ನೇ ಬೋಧಿಸುತ್ತಾನೆ. ವೇದಾಂತಕ್ಕೆ ಇಷ್ಟು ಕಟ್ಟುನಿಟ್ಟಿನ ಪ್ರಯೋಗಶಾಲೆ ಇನ್ನೊಂದಿಲ್ಲ.

ನಗೆ ಅಪಾಯಕಾರಿ ಎಂಬುದು ಶಾಸ್ತ್ರಕಾರರಿಗೂ ಗೊತ್ತಿತ್ತು. ಭರತನ ಮಕ್ಕಳು ವಿದ್ಯೆಯ ಮದದಿಂದ ಋಷಿಗಳನ್ನೇ ಅಣಕಿಸಿ ಆಡಿದರು, ಋಷಿಗಳು ಶೂದ್ರರಾಗಿ ಎಂದು ಶಪಿಸಿದರು ಎಂಬ ಕಥೆ ನಾಟ್ಯಶಾಸ್ತ್ರದ ಕೊನೆಯ ಅಧ್ಯಾಯದಲ್ಲಿದೆ. ನಟರ ಸಾಮಾಜಿಕ ಸ್ಥಾನಕ್ಕೆ ಕಾರಣ ಕೊಡಬೇಕಾಗಿ ಬಂದಾಗ ಪರಂಪರೆ ಬೊಟ್ಟು ಮಾಡಿದ್ದು ಪ್ರಹಸನದ ಕಡೆಗೆ. ಮುಂದಿನ ಶತಮಾನಗಳಲ್ಲಿ ಈ ಹರಿತ ಮೊಂಡಾಯಿತು. ಹನ್ನೆರಡನೆಯ ಶತಮಾನದ ಶಂಖಧರನ ಲಟಕಮೇಲಕದಲ್ಲೂ ಆಮೇಲಿನ ಹಾಸ್ಯಾರ್ಣವದಲ್ಲೂ ಸೂಳೆಗೇರಿಗೆ ಒಬ್ಬೊಬ್ಬರಾಗಿ ಬರುವ ಕಳ್ಳ ವೈದ್ಯ, ಹುಸಿ ಸನ್ಯಾಸಿಗಳ ಮೆರವಣಿಗೆಯಷ್ಟೇ ಉಳಿಯುತ್ತದೆ. ಯಾವ ಮಾತನ್ನು ಕಿತ್ತರೂ ಏನೂ ಬೀಳುವುದಿಲ್ಲ, ಬೀಳಲು ಏನೂ ಕಟ್ಟಿಲ್ಲ. ಒಳ್ಳೆಯ ವಿಡಂಬನೆ ಅಷ್ಟರಲ್ಲಿ ರಂಗ ಬಿಟ್ಟು ಕಾವ್ಯಕ್ಕೆ ಸರಿದಿತ್ತು: ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ನರ್ಮಮಾಲೆಯಲ್ಲಿ ಲೆಕ್ಕ ಬರೆಯುವ ಕಾಯಸ್ಥರ ಲೇಖನಿಯನ್ನು ಹಿಡಿದು ಜಾಲಾಡಿದ, ಹದಿನೇಳನೆಯ ಶತಮಾನದ ಮಧುರೆಯ ನೀಲಕಂಠ ದೀಕ್ಷಿತ ಕಲಿವಿಡಂಬನದಲ್ಲಿ ಜೋಯಿಸರನ್ನೂ ವೈದ್ಯರನ್ನೂ.

ಭಾಷೆ ಸತ್ತರೆ ಹಾಸ್ಯ ಮೊದಲು ಸಾಯುತ್ತದೆ. ಕೇರಳದ ಕೂಡಿಯಾಟ್ಟಂ ಇದನ್ನು ಚೆನ್ನಾಗಿ ಅರಿತಿತ್ತು. ನಾಯಕ ಸಂಸ್ಕೃತದಲ್ಲೇ ಮಾತಾಡುವ ಆ ರಂಗದಲ್ಲಿ ವಿದೂಷಕನಾದ ಚಾಕ್ಯಾರ್ ಮಲಯಾಳದಲ್ಲಿ ಅರ್ಥ ಹೇಳುತ್ತಾನೆ. ನಾಯಕನ ಶೃಂಗಾರದ ಶ್ಲೋಕಕ್ಕೆ ಅದೇ ಧಾಟಿಯ ಅಣಕು ಪ್ರತಿಶ್ಲೋಕ ಕಟ್ಟುತ್ತಾನೆ. ಧರ್ಮ, ಅರ್ಥ, ಕಾಮ, ಮೋಕ್ಷಗಳ ಜಾಗದಲ್ಲಿ ಊಟ, ವಿನೋದ, ವಂಚನೆ, ರಾಜಸೇವೆಗಳನ್ನು ಪುರುಷಾರ್ಥವೆಂದು ಕೂರಿಸಿ ರಾತ್ರಿಗಟ್ಟಲೆ ವಿಸ್ತರಿಸುತ್ತಾನೆ. 2001ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಈ ಕಲೆಯಲ್ಲಿ ಮತ್ತವಿಲಾಸ ಇಂದಿಗೂ ಉಳಿದಿದೆ. ಕನ್ನಡದಲ್ಲಿ ಈ ನಗೆ ಎರಡು ದಾರಿಯಲ್ಲಿ ಬಂತು. ಒಂದು ಅನುವಾದದ ದಾರಿ: ಚಿಕ್ಕದೇವರಾಜರ ಆಸ್ಥಾನದ ಸಿಂಗರಾರ್ಯ ರತ್ನಾವಳಿಯನ್ನು ಮಿತ್ರವಿಂದಾಗೋವಿಂದವಾಗಿಸಿದ, ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಮೈಸೂರಿನ ರಂಗಕ್ಕೆ ತಂದರು, ಬನ್ನಂಜೆ ಗೋವಿಂದಾಚಾರ್ಯರು ಮೃಚ್ಛಕಟಿಕಕ್ಕೆ ಆವೆಯ ಮಣ್ಣಿನ ಆಟದ ಬಂಡಿ ಎಂದು ಹೆಸರಿಟ್ಟರು. ಸಂಸ್ಕೃತ-ಪ್ರಾಕೃತಗಳ ನಡುವಿನ ಏಣು ಇಂಥ ಅನುವಾದಗಳಲ್ಲಿ ಸುಲಭಕ್ಕೆ ಉಳಿಯುವಂಥದ್ದಲ್ಲ, ಏಕೆಂದರೆ ಶಕಾರನ ಶಕಾರಕ್ಕೆ ಕನ್ನಡದಲ್ಲಿ ಸಿದ್ಧವಾದ ಸಾಟಿಯಿಲ್ಲ. ಇನ್ನೊಂದು ದಾರಿ ಆಡುಮಾತಿನದು. ಮೂಡಲಪಾಯದ ಹನುಮನಾಯಕ, ಯಕ್ಷಗಾನದ ಹಾಸ್ಯಗಾರ ಯಾವ ಪುರಾಣದ ರಾಜನ ಒಡ್ಡೋಲಗಕ್ಕೂ ಊರಿನ ಮಾತು ಹೊತ್ತು ನುಗ್ಗುತ್ತಾರೆ. ಕಂಪನಿ ನಾಟಕಗಳಲ್ಲಿ ಈ ಪರಂಪರೆಗೆ ದೊಡ್ಡ ಹೆಸರು ಗುಬ್ಬಿ ವೀರಣ್ಣ. ಒಂದು ಕಂಪನಿಯ ಒಡೆಯನಾಗಿದ್ದೂ ಅವರು ಸದಾರಮೆಯಲ್ಲಿ ತಮಗಾಗಿ ಇಟ್ಟುಕೊಂಡದ್ದು ರಾಜಕುಮಾರನ ಪಾತ್ರವನ್ನಲ್ಲ, ಕಳ್ಳನದನ್ನು.